ಅನಂತ ಕ್ಯಾನ್ವಾಸ್ (ಟಿಪ್ಪಣಿ ತಂತ್ರಾಂಶ)

ಅನಂತ ಕ್ಯಾನ್ವಾಸ್ ಎಂಬುದು ಬರಹ, ಚಿತ್ರ, ಕೈಗೆರೆ, ಕೊಂಡಿ, ಕಡತ ಮುಂತಾದವುಗಳನ್ನು ಅಂಚಿಲ್ಲದ ಸಮತಲವೊಂದರ ಮೇಲೆ ಬೇಕಾದ ಕಡೆ ಇರಿಸಿ, ಸರಿಸಿ, ಗುಂಪುಗೂಡಿಸಿ ಆಲೋಚಿಸಲು ನೆರವಾಗುವ ಗಣಕ ತಂತ್ರಾಂಶಗಳ ಒಂದು ವರ್ಗ. ಇವುಗಳನ್ನು ಡಿಜಿಟಲ್ ಕ್ಯಾನ್ವಾಸ್, ಡಿಜಿಟಲ್ ವೈಟ್‌ಬೋರ್ಡ್ ಅಥವಾ ದೃಶ್ಯ ಟಿಪ್ಪಣಿ ತಂತ್ರಾಂಶ ಎಂದೂ ಕರೆಯಲಾಗುತ್ತದೆ. ಸಾಮಾನ್ಯ ಪದಸಂಸ್ಕಾರಕದಲ್ಲಿ ಬರಹವು ಮೇಲಿನಿಂದ ಕೆಳಕ್ಕೆ ಒಂದೇ ಸರಣಿಯಾಗಿ ಸಾಗುತ್ತದೆ. ಕ್ಯಾನ್ವಾಸಿನಲ್ಲಿ ಪ್ರತಿಯೊಂದು ಟಿಪ್ಪಣಿಗೂ ತನ್ನದೇ ಆದ ಸ್ಥಾನವಿರುತ್ತದೆ. ಯಾವುದು ಯಾವುದರ ಪಕ್ಕದಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದೂ ಮಾಹಿತಿಯ ಒಂದು ಭಾಗವಾಗುತ್ತದೆ.

ಈ ಪರಿಕಲ್ಪನೆಯ ಬೇರುಗಳು 1960 ಮತ್ತು 1970ರ ದಶಕಗಳ ಗಣಕ ಸಂಶೋಧನೆಯಲ್ಲಿವೆ. 2010ರ ನಂತರ ಸ್ಪರ್ಶಪರದೆ, ಡಿಜಿಟಲ್ ಪೆನ್ನು ಹಾಗೂ ವೇಗದ ಜಾಲ ಸಂಪರ್ಕ ಸಾಮಾನ್ಯವಾದಂತೆ ಇವು ವ್ಯಾಪಕ ಬಳಕೆಗೆ ಬಂದವು. ಮಿರೋ, ಮ್ಯೂರಲ್, ಫಿಗ್‌ಜಾಮ್, ಆಪಲ್ ಫ್ರೀಫಾರ್ಮ್, ಎಕ್ಸ್‌ಕ್ಯಾಲಿಡ್ರಾ, ಅಬ್ಸಿಡಿಯನ್ ಕ್ಯಾನ್ವಾಸ್ ಮುಂತಾದವು ಈ ವರ್ಗದ ಪರಿಚಿತ ಉದಾಹರಣೆಗಳು. ಟಿಪ್ಪಣಿಗಳ ಜೋಡಣೆಯಲ್ಲಿ ಅಡಗಿರುವ ಅರ್ಥವು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಅಥವಾ ಸಾಮಾನ್ಯ ಬರಹಕ್ಕೆ ವರ್ಗಾವಣೆಯಾಗುವಾಗ ಸುಲಭವಾಗಿ ಕಳೆದುಹೋಗುವುದು ಇವುಗಳ ಮುಖ್ಯ ಸಮಸ್ಯೆಯಾಗಿದೆ.

## ಪರಿಭಾಷೆ

'ಅನಂತ ಕ್ಯಾನ್ವಾಸ್' ಎಂಬ ಪದಗುಚ್ಛವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ವ್ಯಂಗ್ಯಚಿತ್ರಕಾರ ಹಾಗೂ ಚಿತ್ರಕಥಾ ಮೀಮಾಂಸಕ ಸ್ಕಾಟ್ ಮೆಕ್‌ಕ್ಲೌಡ್. 2000ದಲ್ಲಿ ಪ್ರಕಟವಾದ 'ರೀಇನ್ವೆಂಟಿಂಗ್ ಕಾಮಿಕ್ಸ್' ಕೃತಿಯಲ್ಲಿ ಅವರು, ಅಂತರಜಾಲದ ಚಿತ್ರಕಥೆಗಳು ಮುದ್ರಿತ ಪುಟದ ಅಳತೆಗೆ ಒಳಪಡಬೇಕಾಗಿಲ್ಲ, ಪರದೆಯನ್ನು ಕಿಟಕಿಯಂತೆ ಭಾವಿಸಬಹುದು ಎಂದು ವಾದಿಸಿದರು. ಮುಂದೆ ಈ ಹೆಸರು ಟಿಪ್ಪಣಿ ಮತ್ತು ವಿನ್ಯಾಸ ತಂತ್ರಾಂಶಗಳಿಗೂ ಅನ್ವಯವಾಯಿತು.

ಅನಂತ ಕ್ಯಾನ್ವಾಸನ್ನು ಮನೋನಕ್ಷೆ ಹಾಗೂ ಪರಿಕಲ್ಪನಾ ನಕ್ಷೆಗಳಿಂದ ಪ್ರತ್ಯೇಕಿಸಿ ನೋಡಲಾಗುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಟೋನಿ ಬುಜಾನ್ ಜನಪ್ರಿಯಗೊಳಿಸಿದ ಮನೋನಕ್ಷೆಯಲ್ಲಿ ಒಂದು ಕೇಂದ್ರ ವಿಷಯವಿದ್ದು, ಅದರಿಂದ ಕೊಂಬೆಗಳು ಹೊರಡುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1972ರಿಂದ ರೂಪಿಸಿದ ಪರಿಕಲ್ಪನಾ ನಕ್ಷೆಯಲ್ಲಿ ಪರಿಕಲ್ಪನೆಗಳನ್ನು ಜೋಡಿಸುವ ಪ್ರತಿ ಗೆರೆಯ ಮೇಲೂ ಸಂಬಂಧಸೂಚಕ ಪದವನ್ನು ಬರೆಯಬೇಕು. ಕ್ಯಾನ್ವಾಸಿನಲ್ಲಿ ಇಂತಹ ಯಾವ ಕಡ್ಡಾಯ ರಚನೆಯೂ ಇಲ್ಲ. ಅದರ ಮೇಲೆ ಮನೋನಕ್ಷೆಯನ್ನೂ ಬಿಡಿಸಬಹುದು, ಯಾವ ಗೆರೆಯೂ ಇಲ್ಲದೆ ಚೀಟಿಗಳನ್ನು ರಾಶಿ ಹಾಕಲೂಬಹುದು.

## ಮೂಲ ತತ್ವ

ಮೇಜಿನ ಮೇಲೆ ಪುಸ್ತಕ, ಕಾಗದಗಳನ್ನು ಹರಡಿಕೊಂಡು ಓದುವವರು ಅವುಗಳ ಸ್ಥಾನದಿಂದಲೇ ಹಲವು ಸಂಗತಿಗಳನ್ನು ಗ್ರಹಿಸುತ್ತಾರೆ. ಎಡಗಡೆಯ ರಾಶಿ ಓದಿ ಮುಗಿದದ್ದು, ಬಲಗಡೆಯದು ಓದಬೇಕಾದದ್ದು, ಎದುರಿಗೆ ಇರುವುದು ಈಗ ಬೇಕಾದದ್ದು ಎಂಬ ವ್ಯವಸ್ಥೆಯನ್ನು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಕಚೇರಿ ನೌಕರರ ಮೇಜುಗಳನ್ನು ಅಧ್ಯಯನ ಮಾಡಿದ ಥಾಮಸ್ ಮಲೋನ್ 1983ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹೆಸರಿಟ್ಟು ವಿಂಗಡಿಸಿದ ಕಡತಗಳನ್ನೂ ಹೆಸರಿಲ್ಲದ ರಾಶಿಗಳನ್ನೂ ಪ್ರತ್ಯೇಕವಾಗಿ ಗುರುತಿಸಿದರು. ರಾಶಿಗಳು ಕಾಗದಗಳನ್ನು ಹುಡುಕಲು ಮಾತ್ರವಲ್ಲದೆ, ಮಾಡಬೇಕಾದ ಕೆಲಸವನ್ನು ಕಣ್ಣೆದುರು ಇಟ್ಟು ನೆನಪಿಸಲೂ ನೆರವಾಗುತ್ತವೆ ಎಂದು ಅವರು ತೋರಿಸಿದರು.

ಗಣಕದ ಫೋಲ್ಡರ್ ವ್ಯವಸ್ಥೆಯಲ್ಲಿ ಒಂದು ಟಿಪ್ಪಣಿಯನ್ನು ಉಳಿಸುವ ಮೊದಲೇ ಅದಕ್ಕೊಂದು ಹೆಸರು ಕೊಟ್ಟು, ಅದು ಯಾವ ವರ್ಗಕ್ಕೆ ಸೇರಿದ್ದೆಂದು ನಿರ್ಧರಿಸಬೇಕಾಗುತ್ತದೆ. ಆದರೆ ಆಲೋಚನೆಯ ಆರಂಭದಲ್ಲಿ ವರ್ಗಗಳು ಸ್ಪಷ್ಟವಾಗಿರುವುದಿಲ್ಲ. ಎರಡು ವಿಚಾರಗಳಿಗೆ ಏನೋ ಸಂಬಂಧವಿದೆ ಎಂದು ತೋರಿದರೂ ಆ ಸಂಬಂಧಕ್ಕೆ ಹೆಸರು ಸಿಕ್ಕಿರುವುದಿಲ್ಲ. ಕ್ಯಾನ್ವಾಸಿನಲ್ಲಿ ಅವೆರಡನ್ನೂ ಹತ್ತಿರ ಇಟ್ಟರೆ ಸಾಕು, ನಿರ್ಧಾರವನ್ನು ಮುಂದೂಡಬಹುದು.

ಸ್ಥಾನವು ಅರ್ಥವನ್ನು ಹೊರುವ ಬಗೆಗಳಲ್ಲಿ ಮುಖ್ಯವಾದವು ಇವು:

- ಸಾಮೀಪ್ಯ: ಹತ್ತಿರವಿರುವ ಚೀಟಿಗಳು ಪರಸ್ಪರ ಸಂಬಂಧಿಸಿದವು ಎಂಬ ಸೂಚನೆ.
- ಸಾಲು: ಒಂದೇ ಗೆರೆಯಲ್ಲಿ ಜೋಡಿಸಿದವು ಒಂದು ಕ್ರಮಕ್ಕೆ ಅಥವಾ ಒಂದು ಪಟ್ಟಿಗೆ ಸೇರಿದವು ಎಂಬ ಸೂಚನೆ.
- ರಾಶಿ: ಒಂದರ ಮೇಲೊಂದು ಬಿದ್ದಿರುವವು ಇನ್ನೂ ವಿಂಗಡಣೆಯಾಗಿಲ್ಲ ಎಂಬ ಸೂಚನೆ.
- ಗಾತ್ರ ಮತ್ತು ಬಣ್ಣ: ಪ್ರಾಮುಖ್ಯ ಅಥವಾ ಬಗೆಯ ಸೂಚನೆ.
- ಅಂತರ: ದೂರದ ಮೂಲೆಯಲ್ಲಿಟ್ಟದ್ದು ಅನುಮಾನಾಸ್ಪದ ಅಥವಾ ಸದ್ಯಕ್ಕೆ ಬೇಡವಾದದ್ದು ಎಂಬ ಸೂಚನೆ.

ಉದಾಹರಣೆಗೆ, ಕರ್ನಾಟಕ ಏಕೀಕರಣದ ಇತಿಹಾಸವನ್ನು ಓದುವ ವಿದ್ಯಾರ್ಥಿಯು ಎಡದಿಂದ ಬಲಕ್ಕೆ ವರ್ಷಗಳನ್ನು, ಮೇಲಿನಿಂದ ಕೆಳಕ್ಕೆ ಮುಂಬಯಿ ಪ್ರಾಂತ್ಯ, ಹೈದರಾಬಾದ್, ಮೈಸೂರು, ಮದ್ರಾಸ್ ಮತ್ತು ಕೊಡಗು ಎಂಬ ಐದು ಆಡಳಿತ ಪ್ರದೇಶಗಳನ್ನು ಕಲ್ಪಿಸಿಕೊಳ್ಳಬಹುದು. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಇವುಗಳ ಚೀಟಿಗಳು ತಮ್ಮ ತಮ್ಮ ಸಾಲುಗಳಲ್ಲಿ ಕೂರುತ್ತವೆ. 1956ರ ನವೆಂಬರ್ 1ರ ಚೀಟಿ ಐದೂ ಸಾಲುಗಳನ್ನು ಅಡ್ಡಹಾಯುತ್ತದೆ. ಆರಂಭದ ಚಟುವಟಿಕೆಗಳು ಯಾವ ಸಾಲಿನಲ್ಲಿ ದಟ್ಟವಾಗಿವೆ, ಯಾವ ಸಾಲು ಖಾಲಿ ಉಳಿದಿದೆ ಎಂಬುದು ಆಗ ನೋಟಕ್ಕೇ ಕಾಣುತ್ತದೆ. ಖಾಲಿ ಉಳಿದ ಜಾಗವು ಇತಿಹಾಸದ ಸಂಗತಿಯೋ ಅಥವಾ ಓದಿನಲ್ಲಿ ಉಳಿದ ಕೊರತೆಯೋ ಎಂಬ ಪ್ರಶ್ನೆಯನ್ನೂ ಅದು ಎಬ್ಬಿಸುತ್ತದೆ. ಇದೇ ವಿವರಗಳನ್ನು ಪಟ್ಟಿಯಾಗಿ ಬರೆದರೆ ಆ ಖಾಲಿ ಜಾಗ ಗೋಚರಿಸುವುದಿಲ್ಲ.

## ಇತಿಹಾಸ

### ಗಣಕಪೂರ್ವ ಪದ್ಧತಿಗಳು

ಸ್ಥಾನದ ಮೂಲಕ ನೆನಪಿಡುವ ಕ್ರಮವು ಪ್ರಾಚೀನವಾದದ್ದು. ಪರಿಚಿತ ಕಟ್ಟಡವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿ, ಅದರ ಒಂದೊಂದು ಜಾಗದಲ್ಲಿ ಒಂದೊಂದು ವಿಷಯವನ್ನು ಇರಿಸಿ ನೆನಪಿಡುವ ತಂತ್ರವನ್ನು ಗ್ರೀಕ್ ಕವಿ ಸಿಮೊನಿಡೀಸ್‌ನೊಂದಿಗೆ ಜೋಡಿಸುವ ಕಥೆಯನ್ನು ರೋಮಿನ ವಾಗ್ಮಿ ಸಿಸಿರೋ ದಾಖಲಿಸಿದ್ದಾನೆ.

ಜರ್ಮನಿಯ ಕಲಾ ಇತಿಹಾಸಕಾರ ಅಬಿ ವಾರ್ಬುರ್ಗ್ 1920ರ ದಶಕದಲ್ಲಿ ಕಪ್ಪು ಬಟ್ಟೆ ಹೊದಿಸಿದ ದೊಡ್ಡ ಹಲಗೆಗಳ ಮೇಲೆ ಚಿತ್ರಗಳ ಛಾಯಾಪ್ರತಿಗಳನ್ನು ಅಂಟಿಸಿ, ಮತ್ತೆ ಮತ್ತೆ ಜಾಗ ಬದಲಿಸಿ ಅವುಗಳ ನಡುವಿನ ಸಂಬಂಧಗಳನ್ನು ಶೋಧಿಸುತ್ತಿದ್ದರು. 'ನೆಮೋಸಿನೆ ಚಿತ್ರಸಂಪುಟ' ಎಂದು ಹೆಸರಾದ ಈ ಕಾರ್ಯವು 1929ರಲ್ಲಿ ಅವರ ನಿಧನದಿಂದ ಅಪೂರ್ಣವಾಗಿ ಉಳಿಯಿತು. ಹಲಗೆಗಳ ಜೋಡಣೆಯು ಇಂದು ತಿಳಿದಿರುವುದು ಆಗ ತೆಗೆದ ಛಾಯಾಚಿತ್ರಗಳಿಂದ.

ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಸಂಯೋಜಿಸಲು ರೂಪಿಸಿದ ಪದ್ಧತಿಯು ಅವರ ಹೆಸರಿನ ಮೊದಲಕ್ಷರಗಳಿಂದ 'ಕೆಜೆ ವಿಧಾನ' ಎಂದು 1960ರ ದಶಕದಲ್ಲಿ ಪ್ರಸಿದ್ಧವಾಯಿತು. ಇದರಲ್ಲಿ ಒಂದು ಚೀಟಿಗೆ ಒಂದೇ ಸಂಗತಿ ಬರೆದು, ಎಲ್ಲವನ್ನೂ ಹರಡಿ, ಹೋಲುವವನ್ನು ಹತ್ತಿರ ತಂದು, ಅನಂತರವೇ ಗುಂಪಿಗೆ ಶೀರ್ಷಿಕೆ ಕೊಡಲಾಗುತ್ತದೆ. ಗುಂಪುಗಳ ಸಂಬಂಧವನ್ನು ಚಿತ್ರಿಸಿದ ಮೇಲೆ, ಆ ಚಿತ್ರವನ್ನು ಗದ್ಯವಾಗಿ ವಿವರಿಸುವುದು ಕೊನೆಯ ಹಂತ. ಇಂದಿನ ಡಿಜಿಟಲ್ ವೈಟ್‌ಬೋರ್ಡ್‌ಗಳಲ್ಲಿ ಅಂಟುಚೀಟಿಗಳನ್ನು ಗುಂಪುಗೂಡಿಸುವ ಕ್ರಮವು ಈ ವಿಧಾನಕ್ಕೆ ಬಹಳ ಹತ್ತಿರವಾಗಿದೆ.

### ಆರಂಭಿಕ ಗಣಕ ಪ್ರಯೋಗಗಳು

1963ರಲ್ಲಿ ಇವಾನ್ ಸದರ್‌ಲ್ಯಾಂಡ್ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ಭಾಗವಾಗಿ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಟಿಎಕ್ಸ್-2 ಗಣಕದ ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ನೇರವಾಗಿ ರೇಖಾಕೃತಿಗಳನ್ನು ಬಿಡಿಸಿ, ಹಿಗ್ಗಿಸಿ, ಕುಗ್ಗಿಸಿ ನೋಡಲು ಇದರಲ್ಲಿ ಸಾಧ್ಯವಿತ್ತು.

ಇದೇ ಸಂಸ್ಥೆಯ ಆರ್ಕಿಟೆಕ್ಚರ್ ಮಷೀನ್ ಗ್ರೂಪ್‌ನಲ್ಲಿ 1970ರ ದಶಕದ ಕೊನೆಯಲ್ಲಿ ನಿಕೊಲಸ್ ನೆಗ್ರೊಪಾಂಟೆ, ರಿಚರ್ಡ್ ಬೋಲ್ಟ್ ಮತ್ತು ಸಂಗಡಿಗರು ಮಾಹಿತಿಯನ್ನು ಸ್ಥಾನದ ಮೂಲಕ ನಿರ್ವಹಿಸುವ ವ್ಯವಸ್ಥೆಯೊಂದನ್ನು ನಿರ್ಮಿಸಿದರು. ಬಳಕೆದಾರನು ಕೋಣೆಯ ನಡುವೆ ಕುರ್ಚಿಯಲ್ಲಿ ಕುಳಿತು, ಗೋಡೆಯಗಲದ ಪರದೆಯ ಮೇಲೆ 'ಡೇಟಾಲ್ಯಾಂಡ್' ಎಂಬ ಕಲ್ಪಿತ ಬಯಲಿನಲ್ಲಿ ಸಂಚರಿಸುತ್ತಿದ್ದನು. ಪಕ್ಕದ ಚಿಕ್ಕ ಪರದೆಯಲ್ಲಿ ಇಡೀ ಬಯಲಿನ ನಕ್ಷೆ ಕಾಣುತ್ತಿತ್ತು. ಇಂದಿನ ಬಹುತೇಕ ಕ್ಯಾನ್ವಾಸ್ ತಂತ್ರಾಂಶಗಳ ಮೂಲೆಯಲ್ಲಿ ಕಾಣುವ ಕಿರುನಕ್ಷೆಗೆ ಇದನ್ನು ಪೂರ್ವರೂಪವೆನ್ನಬಹುದು.

### ಸ್ಥಾನಾಧಾರಿತ ಹೈಪರ್‌ಟೆಕ್ಸ್ಟ್

ಕ್ಯಾನ್ವಾಸಿನ ಬೌದ್ಧಿಕ ತಳಹದಿ ಸ್ಪಷ್ಟಗೊಂಡದ್ದು ಹೈಪರ್‌ಟೆಕ್ಸ್ಟ್ ಸಂಶೋಧನೆಯಲ್ಲಿ. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಲ್ಲಿ ನಿರ್ಮಾಣವಾದ 'ನೋಟ್‌ಕಾರ್ಡ್ಸ್' ವ್ಯವಸ್ಥೆಯು ಟಿಪ್ಪಣಿಗಳನ್ನು ಕಾರ್ಡುಗಳಾಗಿ ಇಟ್ಟು ಅವುಗಳ ನಡುವೆ ಕೊಂಡಿ ಹಾಕಲು ಅವಕಾಶ ನೀಡಿತು. ಅದರ ಮುಂದುವರಿಕೆಯಂತೆ ಕ್ಯಾಥರೀನ್ ಮಾರ್ಷಲ್, ಫ್ರಾಂಕ್ ಹಲಾಝ್ ಮೊದಲಾದವರು 1991ರಲ್ಲಿ ಪ್ರಕಟಿಸಿದ 'ಅಕ್ವಾನೆಟ್' ವ್ಯವಸ್ಥೆಯಲ್ಲಿ, ಯಾವ ಟಿಪ್ಪಣಿ ವಾದ, ಯಾವುದು ಆಧಾರ, ಯಾವುದು ಆಕ್ಷೇಪ ಎಂಬಂತಹ ಸಂಬಂಧಗಳನ್ನು ಔಪಚಾರಿಕವಾಗಿ ದಾಖಲಿಸಬಹುದಾಗಿತ್ತು.

ಆದರೆ ಬಳಕೆಯಲ್ಲಿ ಕಂಡದ್ದು ಬೇರೆ. ಜನರು ಸಂಬಂಧಗಳನ್ನು ದಾಖಲಿಸುವ ಸೌಲಭ್ಯವನ್ನು ಬಹುಮಟ್ಟಿಗೆ ಬದಿಗಿಟ್ಟು, ಟಿಪ್ಪಣಿಗಳನ್ನು ಪರದೆಯ ಮೇಲೆ ಹತ್ತಿರ ಹತ್ತಿರ ಇಡುವ ಮೂಲಕವೇ ಅವುಗಳ ಸಂಬಂಧವನ್ನು ಸೂಚಿಸುತ್ತಿದ್ದರು. ಇದರಿಂದ ಪಾಠ ಕಲಿತು ಮಾರ್ಷಲ್, ಫ್ರಾಂಕ್ ಶಿಪ್‌ಮನ್ ಮತ್ತು ಸಂಗಡಿಗರು 1994ರಲ್ಲಿ 'ವಿಕಿ' ಎಂಬ ಹೊಸ ವ್ಯವಸ್ಥೆಯನ್ನು ಮುಂದಿಟ್ಟರು (ಇದಕ್ಕೂ ವಿಕಿಪೀಡಿಯದ ವಿಕಿಗೂ ಸಂಬಂಧವಿಲ್ಲ). ಇದರಲ್ಲಿ ಬಳಕೆದಾರನು ಸಂಬಂಧವನ್ನು ಘೋಷಿಸಬೇಕಾಗಿರಲಿಲ್ಲ. ಸಾಲು, ರಾಶಿ ಮುಂತಾದ ಜೋಡಣೆಗಳನ್ನು ತಂತ್ರಾಂಶವೇ ಗುರುತಿಸಲು ಪ್ರಯತ್ನಿಸುತ್ತಿತ್ತು. ಈ ಧಾರೆಗೆ 'ಸ್ಥಾನಾಧಾರಿತ ಹೈಪರ್‌ಟೆಕ್ಸ್ಟ್' ಎಂಬ ಹೆಸರು ಬಂದಿತು. ಬಳಕೆದಾರರನ್ನು ಅಕಾಲದಲ್ಲಿ ಔಪಚಾರಿಕ ವರ್ಗೀಕರಣಕ್ಕೆ ಒತ್ತಾಯಿಸುವುದು ಹಾನಿಕರ ಎಂದು ಶಿಪ್‌ಮನ್ ಮತ್ತು ಮಾರ್ಷಲ್ 1999ರ ಪ್ರಬಂಧದಲ್ಲಿ ವಾದಿಸಿದರು. ಮಾರ್ಕ್ ಬರ್ನ್‌ಸ್ಟೀನ್ ಅವರ 'ಟಿಂಡರ್‌ಬಾಕ್ಸ್' (2002) ಈ ಧಾರೆಯಿಂದ ಬಂದು ಇಂದಿಗೂ ಬಳಕೆಯಲ್ಲಿರುವ ತಂತ್ರಾಂಶವಾಗಿದೆ.

### ಜೂಮ್ ಆಧಾರಿತ ಇಂಟರ್‌ಫೇಸ್

1993ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆನ್ ಪರ್ಲಿನ್ ಮತ್ತು ಡೇವಿಡ್ ಫಾಕ್ಸ್ 'ಪ್ಯಾಡ್' ಎಂಬ ಇಂಟರ್‌ಫೇಸನ್ನು ಪರಿಚಯಿಸಿದರು. ಇದರಲ್ಲಿ ಎಲ್ಲ ಮಾಹಿತಿಯೂ ಒಂದೇ ವಿಶಾಲ ಸಮತಲದ ಮೇಲಿದ್ದು, ಬೇಕಾದಷ್ಟು ಹತ್ತಿರಕ್ಕೆ ಅಥವಾ ದೂರಕ್ಕೆ ಸರಿದು ನೋಡಬಹುದಾಗಿತ್ತು. ವಸ್ತುವಿನ ಗಾತ್ರಕ್ಕೆ ತಕ್ಕಂತೆ ಅದರ ರೂಪವೇ ಬದಲಾಗುವ 'ಅರ್ಥಾನುಸಾರಿ ಜೂಮ್' ಇದರ ವಿಶೇಷ: ದೂರದಿಂದ ಶೀರ್ಷಿಕೆ ಮಾತ್ರ, ಹತ್ತಿರದಿಂದ ಸಾರಾಂಶ, ಇನ್ನೂ ಹತ್ತಿರದಿಂದ ಪೂರ್ಣ ಬರಹ. ಬೆನ್ ಬೆಡರ್ಸನ್ ಮತ್ತು ಜೇಮ್ಸ್ ಹಾಲನ್ 1994ರಲ್ಲಿ ಇದನ್ನು 'ಪ್ಯಾಡ್++' ಆಗಿ ಬೆಳೆಸಿದರು. ಆಪಲ್ ಕಂಪನಿಯ ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದ್ದ ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟಿಸಿದ 'ದಿ ಹ್ಯೂಮೇನ್ ಇಂಟರ್‌ಫೇಸ್' ಕೃತಿಯಲ್ಲಿ ಇಡೀ ಗಣಕವನ್ನೇ ಇಂತಹ ಜೂಮ್ ಮಾಡಬಹುದಾದ ಬಯಲಾಗಿ ಕಲ್ಪಿಸಿದರು. ಹಂಗೇರಿಯಲ್ಲಿ 2009ರಲ್ಲಿ ಆರಂಭವಾದ 'ಪ್ರೆಜಿ' ಈ ಕಲ್ಪನೆಯನ್ನು ಭಾಷಣದ ಸ್ಲೈಡುಗಳಿಗೆ ಅನ್ವಯಿಸಿ ಸಾಮಾನ್ಯ ಜನರಿಗೆ ಪರಿಚಯಿಸಿತು.

### ವ್ಯಾಪಕ ಬಳಕೆ

ಮೈಕ್ರೋಸಾಫ್ಟ್ 2003ರಲ್ಲಿ ಬಿಡುಗಡೆ ಮಾಡಿದ ಒನ್‌ನೋಟ್‌ನಲ್ಲಿ ಪುಟದ ಯಾವ ಜಾಗದಲ್ಲಿ ಬೇಕಾದರೂ ಕ್ಲಿಕ್ ಮಾಡಿ ಬರೆಯಬಹುದಾಗಿತ್ತು. 2011ರಲ್ಲಿ ರಿಯಲ್‌ಟೈಮ್‌ಬೋರ್ಡ್ (2019ರಿಂದ ಮಿರೋ) ಹಾಗೂ ಮ್ಯೂರಲ್ ಕಂಪನಿಗಳು ಹಲವರು ಏಕಕಾಲದಲ್ಲಿ ಬಳಸಬಹುದಾದ ಜಾಲಾಧಾರಿತ ವೈಟ್‌ಬೋರ್ಡ್‌ಗಳೊಂದಿಗೆ ಹುಟ್ಟಿಕೊಂಡವು. 2020ರ ಕೋವಿಡ್ ಸಾಂಕ್ರಾಮಿಕದ ಅವಧಿಯಲ್ಲಿ ಕಚೇರಿ ಸಭೆಗಳೂ ತರಗತಿಗಳೂ ಆನ್‌ಲೈನ್‌ಗೆ ಸ್ಥಳಾಂತರಗೊಂಡಾಗ ಗೋಡೆಯ ಹಲಗೆಯ ಬದಲಿಯಾಗಿ ಇಂತಹ ತಂತ್ರಾಂಶಗಳಿಗೆ ಬೇಡಿಕೆ ಹೆಚ್ಚಿತು. ಫಿಗ್ಮಾ ಕಂಪನಿಯ ಫಿಗ್‌ಜಾಮ್ 2021ರಲ್ಲಿ, ಆಪಲ್‌ನ ಫ್ರೀಫಾರ್ಮ್ 2022ರ ಡಿಸೆಂಬರ್‌ನಲ್ಲಿ ಬಂದವು.

## ಕಾರ್ಯವಿಧಾನ

ಕ್ಯಾನ್ವಾಸಿನ ಮೇಲಿನ ಪ್ರತಿಯೊಂದು ವಸ್ತುವಿಗೂ ಎರಡು ನಿರ್ದೇಶಾಂಕಗಳಿರುತ್ತವೆ. ಪರದೆಯು ಆ ಬಯಲಿನ ಒಂದು ಭಾಗವನ್ನು ತೋರಿಸುವ ಕಿಟಕಿ. ವಸ್ತುವಿನ ನಿರ್ದೇಶಾಂಕದಿಂದ ಕಿಟಕಿಯ ಎಡ ಮೇಲ್ತುದಿಯ ನಿರ್ದೇಶಾಂಕವನ್ನು ಕಳೆದು, ಜೂಮ್ ಪ್ರಮಾಣದಿಂದ ಗುಣಿಸಿದರೆ ವಸ್ತುವು ಪರದೆಯ ಮೇಲೆ ಎಲ್ಲಿ ಕಾಣಬೇಕೆಂಬುದು ದೊರೆಯುತ್ತದೆ. ಒಂದು ಚೀಟಿ (400, 200) ಸ್ಥಾನದಲ್ಲಿದ್ದು, ಕಿಟಕಿಯ ತುದಿ (100, 50)ರಲ್ಲಿದ್ದು, ಜೂಮ್ ಪ್ರಮಾಣ 2 ಆಗಿದ್ದರೆ ಅದು ಪರದೆಯ ಮೇಲೆ (600, 300)ರಲ್ಲಿ ಮೂಡುತ್ತದೆ. ಬಳಕೆದಾರನು ಬಯಲಿನಲ್ಲಿ ಸರಿದಾಡುವಾಗ ಬದಲಾಗುವುದು ಕಿಟಕಿಯ ಸ್ಥಾನ ಮಾತ್ರ, ಚೀಟಿಯ ಸ್ಥಾನ ಹಾಗೆಯೇ ಉಳಿಯುತ್ತದೆ.

ಸಾವಿರಾರು ವಸ್ತುಗಳಿರುವಾಗ ಎಲ್ಲವನ್ನೂ ಪ್ರತಿ ಕ್ಷಣ ಮತ್ತೆ ಚಿತ್ರಿಸಿದರೆ ಗಣಕದ ವೇಗ ಕುಗ್ಗುತ್ತದೆ. ಆದ್ದರಿಂದ ಕಿಟಕಿಯೊಳಗೆ ಬರುವ ವಸ್ತುಗಳನ್ನು ಮಾತ್ರ ಆರಿಸಿ ಚಿತ್ರಿಸಲಾಗುತ್ತದೆ. ಇವುಗಳನ್ನು ತ್ವರಿತವಾಗಿ ಗುರುತಿಸಲು ಕ್ವಾಡ್‌ಟ್ರೀ, ಆರ್-ಟ್ರೀ ಮುಂತಾದ ದತ್ತಾಂಶ ರಚನೆಗಳು ಬಳಕೆಯಲ್ಲಿವೆ. ಕೈಬರಹದ ಗೆರೆಗಳನ್ನು ಬಿಂದುಗಳ ಸರಣಿಯಾಗಿ, ಕೆಲವೊಮ್ಮೆ ಪೆನ್ನಿನ ಒತ್ತಡದ ಪ್ರಮಾಣದೊಂದಿಗೆ, ಉಳಿಸಲಾಗುತ್ತದೆ. ಆದ್ದರಿಂದ ಅವುಗಳನ್ನು ಎಷ್ಟು ಹಿಗ್ಗಿಸಿದರೂ ಅಂಚುಗಳು ಮಸುಕಾಗುವುದಿಲ್ಲ.

'ಅನಂತ' ಎಂಬುದು ಇಲ್ಲಿ ಔಪಚಾರಿಕ ಅರ್ಥದ ಪದವಲ್ಲ. ನಿರ್ದೇಶಾಂಕಗಳನ್ನು ಸಾಮಾನ್ಯವಾಗಿ 64 ಬಿಟ್‌ಗಳ ದಶಮಾಂಶ ಸಂಖ್ಯೆಗಳಾಗಿ ಇಡುವುದರಿಂದ, ಮೂಲಬಿಂದುವಿನಿಂದ ದೂರ ಹೋದಂತೆ ನಿಖರತೆ ಕಡಿಮೆಯಾಗುತ್ತದೆ. ಹಲವು ತಂತ್ರಾಂಶಗಳು ಜೂಮ್ ಪ್ರಮಾಣಕ್ಕೂ ಮಿತಿ ಹಾಕಿರುತ್ತವೆ.

ಹಲವರು ಒಂದೇ ಕ್ಯಾನ್ವಾಸನ್ನು ಏಕಕಾಲದಲ್ಲಿ ತಿದ್ದುವಾಗ ಬದಲಾವಣೆಗಳು ಪರಸ್ಪರ ಘರ್ಷಿಸಬಹುದು. ಒಬ್ಬರು ಚೀಟಿಯ ಬಣ್ಣವನ್ನೂ ಇನ್ನೊಬ್ಬರು ಅದರ ಸ್ಥಾನವನ್ನೂ ಬದಲಿಸಿದರೆ ಎರಡನ್ನೂ ಉಳಿಸಿಕೊಳ್ಳಬಹುದು. ಇಬ್ಬರೂ ಸ್ಥಾನವನ್ನೇ ಬದಲಿಸಿದರೆ ಸಾಮಾನ್ಯವಾಗಿ ಕೊನೆಯದಾಗಿ ತಲುಪಿದ ಬದಲಾವಣೆ ನಿಲ್ಲುತ್ತದೆ. ಒಂದೇ ವಾಕ್ಯವನ್ನು ಹಲವರು ತಿದ್ದುವ ಪಠ್ಯ ಸಂಪಾದಕಗಳಿಗೆ ಹೋಲಿಸಿದರೆ, ಪ್ರತ್ಯೇಕ ಚೀಟಿಗಳಿರುವ ಕ್ಯಾನ್ವಾಸಿನಲ್ಲಿ ಇಂತಹ ಘರ್ಷಣೆಗಳು ಕಡಿಮೆ.

## ಪ್ರಮುಖ ತಂತ್ರಾಂಶಗಳು

- ಮಿರೋ ಮತ್ತು ಮ್ಯೂರಲ್: ತಂಡಗಳ ಸಭೆ, ಯೋಜನೆ ಹಾಗೂ ವಿನ್ಯಾಸ ಕಾರ್ಯಕ್ಕೆ ರೂಪಿಸಿದ ಜಾಲಾಧಾರಿತ ವೈಟ್‌ಬೋರ್ಡ್‌ಗಳು.
- ಫ್ರೀಫಾರ್ಮ್: ಐಫೋನ್, ಐಪ್ಯಾಡ್ ಮತ್ತು ಮ್ಯಾಕ್ ಸಾಧನಗಳಿಗಾಗಿ ಆಪಲ್ ನೀಡುವ ಕ್ಯಾನ್ವಾಸ್.
- ಎಕ್ಸ್‌ಕ್ಯಾಲಿಡ್ರಾ: ಕ್ರಿಸ್ಟೋಫರ್ ಶೆಡೊ 2020ರ ಜನವರಿಯಲ್ಲಿ ಆರಂಭಿಸಿದ ಮುಕ್ತ ಆಕರ ತಂತ್ರಾಂಶ. ಕೈಯಿಂದ ಬಿಡಿಸಿದಂತೆ ಕಾಣುವ ಆಕೃತಿಗಳು ಇದರ ಗುರುತು. ಖಾತೆ ತೆರೆಯದೆ ಬ್ರೌಸರ್‌ನಲ್ಲಿಯೇ ಬಳಸಬಹುದು.
- ಟಿಎಲ್‌ಡ್ರಾ: ಸ್ಟೀವ್ ರೂಯಿಜ್ 2021ರಲ್ಲಿ ಆರಂಭಿಸಿದ ಯೋಜನೆ. ಇತರ ತಂತ್ರಾಂಶಗಳೊಳಗೆ ಕ್ಯಾನ್ವಾಸನ್ನು ಅಳವಡಿಸಲು ಅಭಿವೃದ್ಧಿಕಾರರು ಇದನ್ನು ಬಳಸುತ್ತಾರೆ. ಕೈಯಿಂದ ಬರೆದ ರೇಖಾಚಿತ್ರವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಾರ್ಯನಿರತ ಜಾಲಪುಟವಾಗಿ ಪರಿವರ್ತಿಸುವ ಪ್ರಯೋಗವನ್ನು 2023ರಲ್ಲಿ ಈ ತಂಡ ಪ್ರಕಟಿಸಿತು.
- ಅಬ್ಸಿಡಿಯನ್ ಕ್ಯಾನ್ವಾಸ್: ಸ್ವಂತ ಗಣಕದಲ್ಲಿರುವ ಟಿಪ್ಪಣಿ ಕಡತಗಳನ್ನೇ ಕಾರ್ಡುಗಳಾಗಿ ಹರಡಲು ಅಬ್ಸಿಡಿಯನ್ ತಂತ್ರಾಂಶದಲ್ಲಿರುವ ಸೌಲಭ್ಯ.
- ಮ್ಯೂಸ್: 'ಇಂಕ್ ಆ್ಯಂಡ್ ಸ್ವಿಚ್' ಸಂಶೋಧನಾ ಪ್ರಯೋಗಾಲಯದ ಕೆಲಸದಿಂದ ಹೊರಬಂದ ತಂತ್ರಾಂಶ. ಒಂದು ಹಲಗೆಯೊಳಗೆ ಇನ್ನೊಂದು ಹಲಗೆಯನ್ನಿರಿಸಿ, ಜೂಮ್ ಮಾಡಿ ಒಳಹೋಗುವುದು ಇದರ ವೈಶಿಷ್ಟ್ಯ.
- ಹೆಪ್ಟಾಬೇಸ್: ಓದು ಮತ್ತು ಸಂಶೋಧನೆಯ ಟಿಪ್ಪಣಿಗಳಿಗಾಗಿ ರೂಪಿತವಾದದ್ದು. ಒಂದೇ ಕಾರ್ಡನ್ನು ಹಲವು ಕ್ಯಾನ್ವಾಸ್‌ಗಳಲ್ಲಿ ಇರಿಸಬಹುದು.

## ಸಂಶೋಧನೆಯ ಆಧಾರಗಳು

ಚಿತ್ರರೂಪದ ನಿರೂಪಣೆ ಏಕೆ ಉಪಯುಕ್ತ ಎಂಬುದರ ಕುರಿತು ಜಿಲ್ ಲಾರ್ಕಿನ್ ಮತ್ತು ಹರ್ಬರ್ಟ್ ಸೈಮನ್ 1987ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದ ಮುಖ್ಯ ಆಧಾರಗಳಲ್ಲೊಂದು. ವಾಕ್ಯಗಳೂ ಚಿತ್ರವೂ ಒಂದೇ ಮಾಹಿತಿಯನ್ನು ಹೊಂದಿದ್ದರೂ, ಒಟ್ಟಿಗೆ ಬೇಕಾಗುವ ಸಂಗತಿಗಳು ಚಿತ್ರದಲ್ಲಿ ಒಂದೇ ಜಾಗದಲ್ಲಿರುವುದರಿಂದ ಹುಡುಕುವ ಶ್ರಮ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಆದರೆ ಚಿತ್ರವನ್ನು ಓದಲು ತಿಳಿದವರಿಗೆ ಮಾತ್ರ ಈ ಲಾಭ ದೊರೆಯುತ್ತದೆ ಎಂದೂ ಅವರು ಸ್ಪಷ್ಟಪಡಿಸಿದರು. ಜನರು ಸುತ್ತಲಿನ ಜಾಗವನ್ನು ಬಳಸಿ ಆಯ್ಕೆ, ಗ್ರಹಿಕೆ ಹಾಗೂ ಮನಸ್ಸಿನೊಳಗಿನ ಲೆಕ್ಕಾಚಾರಗಳನ್ನು ಸರಳಗೊಳಿಸಿಕೊಳ್ಳುತ್ತಾರೆ ಎಂದು ಡೇವಿಡ್ ಕಿರ್ಷ್ 1995ರಲ್ಲಿ ವಿವರಿಸಿದರು.

1998ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಜಾರ್ಜ್ ರಾಬರ್ಟ್‌ಸನ್ ಮತ್ತು ಸಂಗಡಿಗರು 'ಡೇಟಾ ಮೌಂಟನ್' ಎಂಬ ಪ್ರಯೋಗವನ್ನು ನಡೆಸಿದರು. ಇಳಿಜಾರಿನಂತೆ ಕಾಣುವ ಪರದೆಯ ಮೇಲೆ 100 ಜಾಲಪುಟಗಳ ಕಿರುಚಿತ್ರಗಳನ್ನು ಬಳಕೆದಾರರು ತಮಗಿಷ್ಟವಾದಲ್ಲಿ ಇಟ್ಟು, ಅನಂತರ ಹುಡುಕಬೇಕಾಗಿತ್ತು. ಬ್ರೌಸರ್‌ನ ಪಟ್ಟಿಯಲ್ಲಿ ಹುಡುಕಿದವರಿಗಿಂತ ಇವರು ವೇಗವಾಗಿ ಪುಟಗಳನ್ನು ಕಂಡುಕೊಂಡರು. ಆದರೆ ಆಂಡಿ ಕಾಕ್‌ಬರ್ನ್ ಮತ್ತು ಬ್ರೂಸ್ ಮೆಕೆಂಜಿ ಅವರ 2002ರ ಅಧ್ಯಯನದಲ್ಲಿ, ಮೂರನೆಯ ಆಯಾಮದ ಸ್ವಾತಂತ್ರ್ಯ ಹೆಚ್ಚಿದಂತೆ ಹುಡುಕುವ ಸಾಮರ್ಥ್ಯ ಕುಗ್ಗಿತು. ಸ್ಥಳಸ್ಮೃತಿಗೆ ಸರಳ ಸಮತಲವೇ ಸಾಕು ಎಂಬ ಅಭಿಪ್ರಾಯಕ್ಕೆ ಇದು ಬಲ ನೀಡುತ್ತದೆ.

ತಾವೇ ಇಟ್ಟ ವಸ್ತುವಿನ ಜಾಗ ನೆನಪಿರುವುದಕ್ಕೂ ವಿಷಯ ಅರ್ಥವಾಗುವುದಕ್ಕೂ ವ್ಯತ್ಯಾಸವಿದೆ. ಮೇಲಿನ ಪ್ರಯೋಗಗಳು ಮುಖ್ಯವಾಗಿ ಮೊದಲನೆಯದನ್ನು ಅಳೆದಿವೆ.

## ಅಧ್ಯಯನದಲ್ಲಿ ಬಳಕೆ

ವಿದ್ಯಾರ್ಥಿಗಳು ಮತ್ತು ಸಂಶೋಧಕರು ಕ್ಯಾನ್ವಾಸನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಬಳಸುತ್ತಾರೆ. ಮೊದಲ ಹಂತ ಸಂಗ್ರಹ: ಓದುವಾಗ ಕಂಡ ಸಂಗತಿ, ಸಂದೇಹ, ಚಿತ್ರಗಳನ್ನು ಒಂದು ಚೀಟಿಗೆ ಒಂದರಂತೆ ಬಯಲಿನ ಮೇಲೆ ಹಾಕುವುದು. ಎರಡನೆಯದು ಜೋಡಣೆ: ಹೋಲುವವನ್ನು ಹತ್ತಿರ ತಂದು, ವಿರುದ್ಧವಾದವನ್ನು ಎದುರುಬದುರಾಗಿ ಇಟ್ಟು, ಗುಂಪುಗಳಿಗೆ ಹೆಸರು ಕೊಡುವುದು. ಮೂರನೆಯದು ನಿರೂಪಣೆ: ಜೋಡಣೆಯನ್ನು ಕ್ರಮಬದ್ಧ ಬರಹವಾಗಿ ಪರಿವರ್ತಿಸುವುದು.

ಮೂರನೆಯ ಹಂತವನ್ನು ಕೈಬಿಡುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಎರಡು ಚೀಟಿಗಳನ್ನು ಬಾಣದಿಂದ ಜೋಡಿಸುವುದು ಸುಲಭ. ಆ ಬಾಣದ ಅರ್ಥ 'ಕಾರಣ'ವೋ, 'ನಂತರ'ವೋ, 'ಉದಾಹರಣೆ'ಯೋ ಎಂಬುದನ್ನು ಚಿತ್ರವು ಹೇಳಲೇಬೇಕೆಂದಿಲ್ಲ. ವಾಕ್ಯವಾದರೆ ಅದನ್ನು ಹೇಳದೆ ಮುಂದೆ ಸಾಗದು. ಕೆಜೆ ವಿಧಾನದ ಕೊನೆಯ ಹಂತವಾಗಿ ಕವಾಕಿತ ಗದ್ಯರೂಪದ ವಿವರಣೆಯನ್ನು ಇರಿಸಿದ್ದು ಈ ಕಾರಣದಿಂದ ಗಮನಾರ್ಹ. ನೊವಾಕ್ ಅವರ ಪರಿಕಲ್ಪನಾ ನಕ್ಷೆಯಲ್ಲಿ ಗೆರೆಗಳ ಮೇಲೆ ಪದ ಬರೆಯಬೇಕೆಂಬ ನಿಯಮವೂ ಇದೇ ಕೊರತೆಯನ್ನು ತುಂಬುತ್ತದೆ.

## ಮಿತಿಗಳು

ಬಯಲು ದೊಡ್ಡದಾದಂತೆ ಬಳಕೆದಾರನು ದಾರಿ ತಪ್ಪುವ ಸಾಧ್ಯತೆ ಹೆಚ್ಚುತ್ತದೆ. ಸುತ್ತಲೂ ಯಾವ ಗುರುತೂ ಕಾಣದ ಖಾಲಿ ಜಾಗಕ್ಕೆ ಸರಿದಾಗ ಯಾವ ಕಡೆ ಹೋಗಬೇಕೆಂದು ತಿಳಿಯದ ಸ್ಥಿತಿಯನ್ನು ಸೂಸಾನ್ ಜುಲ್ ಮತ್ತು ಜಾರ್ಜ್ ಫರ್ನಾಸ್ 1998ರಲ್ಲಿ 'ಮರುಭೂಮಿಯ ಮಂಜು' ಎಂಬ ಅರ್ಥದ ಹೆಸರಿನಿಂದ ವರ್ಣಿಸಿದರು. ಕಿರುನಕ್ಷೆ, ಎಲ್ಲ ವಸ್ತುಗಳನ್ನೂ ಒಮ್ಮೆಗೇ ತೋರಿಸುವ ಗುಂಡಿ, ಹೆಸರಿಟ್ಟ ಚೌಕಟ್ಟುಗಳು ಇದಕ್ಕೆ ಪರಿಹಾರವಾಗಿ ಬಂದವು.

ಕ್ಯಾನ್ವಾಸಿಗೆ ವಿಶಾಲ ಪರದೆ ಬೇಕು. ಮೊಬೈಲ್ ಫೋನಿನ ಚಿಕ್ಕ ಪರದೆಯಲ್ಲಿ ಒಟ್ಟು ನೋಟವೂ ಬರಹದ ಓದುವಿಕೆಯೂ ಒಟ್ಟಿಗೆ ಸಿಗುವುದಿಲ್ಲ. ಗಣಕವಿಲ್ಲದೆ ಫೋನಿನಲ್ಲಿಯೇ ಓದುವ ವಿದ್ಯಾರ್ಥಿಗಳಿಗೆ ಇದು ದೊಡ್ಡ ತೊಡಕು. ಅಂತಹವರಿಗೆ ದೊಡ್ಡ ಕಾಗದ ಮತ್ತು ಚೀಟಿಗಳು ಇದೇ ಉದ್ದೇಶವನ್ನು ಪೂರೈಸಬಲ್ಲವು.

ದೃಷ್ಟಿದೋಷವುಳ್ಳವರಿಗೆ ಕ್ಯಾನ್ವಾಸ್ ಇನ್ನಷ್ಟು ಕಠಿಣ. ಪರದೆಯ ಬರಹವನ್ನು ಧ್ವನಿಯಾಗಿ ಓದುವ ತಂತ್ರಾಂಶಗಳು ವಸ್ತುಗಳನ್ನು ಒಂದಾದ ಮೇಲೊಂದರಂತೆ ಓದುತ್ತವೆ. ಕ್ಯಾನ್ವಾಸಿನ ವಸ್ತುಗಳಿಗೆ ಸ್ವಾಭಾವಿಕ ಕ್ರಮವಿಲ್ಲದಿರುವುದರಿಂದ ಅವು ರಚನೆಯಾದ ಕ್ರಮದಲ್ಲಿ ಓದಲ್ಪಡಬಹುದು. ಆಗ ಸಾಮೀಪ್ಯ, ಬಣ್ಣ, ಅಂತರಗಳಲ್ಲಿ ಅಡಗಿದ ಅರ್ಥವೆಲ್ಲ ಕೇಳುಗನಿಗೆ ತಲುಪದೆ ಹೋಗುತ್ತದೆ. ಗುಂಪುಗಳಿಗೆ ಹೆಸರಿಡುವುದು ಹಾಗೂ ಬಾಣಗಳ ಮೇಲೆ ಪದ ಬರೆಯುವುದು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ.

## ದತ್ತಾಂಶದ ಉಳಿವು

ಬರಹದ ಕಡತವನ್ನು ಹಲವು ತಂತ್ರಾಂಶಗಳಲ್ಲಿ ತೆರೆಯಬಹುದು. ಕ್ಯಾನ್ವಾಸಿನ ಕಡತವು ಬಹುತೇಕ ಅದನ್ನು ರಚಿಸಿದ ತಂತ್ರಾಂಶಕ್ಕೇ ಸೀಮಿತ. ಪಿಡಿಎಫ್ ಅಥವಾ ಚಿತ್ರವಾಗಿ ಉಳಿಸಿದರೆ ನೋಟ ಉಳಿಯುತ್ತದೆ, ಚೀಟಿಗಳನ್ನು ಮತ್ತೆ ಸರಿಸುವ ಸಾಧ್ಯತೆ ಹೋಗುತ್ತದೆ. ಬರಹವಾಗಿ ಉಳಿಸಿದರೆ ಪದಗಳು ಉಳಿಯುತ್ತವೆ, ಜೋಡಣೆ ಹೋಗುತ್ತದೆ.

ಈ ಪ್ರಶ್ನೆ ಕೇವಲ ಸೈದ್ಧಾಂತಿಕವಲ್ಲ ಎಂಬುದಕ್ಕೆ ಗೂಗಲ್ ಜಾಮ್‌ಬೋರ್ಡ್ ನಿದರ್ಶನ. 2016ರಲ್ಲಿ ಘೋಷಣೆಯಾದ ಈ ವೈಟ್‌ಬೋರ್ಡ್ ಸೇವೆಯು ಶಾಲಾ ತರಗತಿಗಳಲ್ಲಿಯೂ ಬಳಕೆಯಲ್ಲಿತ್ತು. ಅದನ್ನು ಕೊನೆಗೊಳಿಸುವುದಾಗಿ 2023ರಲ್ಲಿ ಪ್ರಕಟಿಸಿದ ಕಂಪನಿಯು 2024ರ ಡಿಸೆಂಬರ್ 31ರಂದು ಸೇವೆಯನ್ನು ನಿಲ್ಲಿಸಿತು. ಹಲಗೆಗಳನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳುವ ಅಥವಾ ಇತರ ಕಂಪನಿಗಳ ವೈಟ್‌ಬೋರ್ಡ್‌ಗಳಿಗೆ ವರ್ಗಾಯಿಸುವ ದಾರಿಗಳು ಬಳಕೆದಾರರಿಗೆ ಉಳಿದವು.

ಇದಕ್ಕೆ ಪರಿಹಾರವಾಗಿ ಮುಕ್ತ ಕಡತ ಸ್ವರೂಪಗಳು ಬಂದಿವೆ. ಅಬ್ಸಿಡಿಯನ್ ತಂಡವು 2024ರ ಮಾರ್ಚ್‌ನಲ್ಲಿ ತನ್ನ ಕ್ಯಾನ್ವಾಸ್ ಸ್ವರೂಪವನ್ನು 'ಜೇಸನ್ ಕ್ಯಾನ್ವಾಸ್' ಹೆಸರಿನಲ್ಲಿ ಎಂಐಟಿ ಪರವಾನಗಿಯಡಿ ಬಿಡುಗಡೆ ಮಾಡಿತು. ಇದೊಂದು ಸರಳ ಪಠ್ಯ ಕಡತ. ಅದರಲ್ಲಿ ಎರಡು ಪಟ್ಟಿಗಳಿವೆ: ಮೊದಲನೆಯದರಲ್ಲಿ ಪ್ರತಿ ಕಾರ್ಡಿನ ಗುರುತು, ಬಗೆ, ಎರಡು ನಿರ್ದೇಶಾಂಕಗಳು, ಅಗಲ ಮತ್ತು ಎತ್ತರ, ಎರಡನೆಯದರಲ್ಲಿ ಯಾವ ಕಾರ್ಡಿನಿಂದ ಯಾವ ಕಾರ್ಡಿಗೆ ಗೆರೆ ಇದೆ ಎಂಬ ವಿವರ. ಕಾರ್ಡುಗಳು ಬರಹ, ಕಡತ, ಕೊಂಡಿ ಅಥವಾ ಗುಂಪು ಎಂಬ ನಾಲ್ಕು ಬಗೆಯವು. ಮೂಲ ತಂತ್ರಾಂಶ ಇಲ್ಲದಿದ್ದರೂ ಯಾರಾದರೂ ಈ ಕಡತವನ್ನು ಓದಿ ಜೋಡಣೆಯನ್ನು ಮತ್ತೆ ಚಿತ್ರಿಸಬಹುದು. ಎಕ್ಸ್‌ಕ್ಯಾಲಿಡ್ರಾದ ಕಡತಗಳೂ ಓದಬಹುದಾದ ಪಠ್ಯರೂಪದಲ್ಲಿವೆ.

## ಕನ್ನಡದಲ್ಲಿ ಬಳಕೆ

ಯೂನಿಕೋಡ್ ಬೆಂಬಲವಿರುವ ಕ್ಯಾನ್ವಾಸ್ ತಂತ್ರಾಂಶಗಳಲ್ಲಿ ಕನ್ನಡವನ್ನು ಟೈಪ್ ಮಾಡಬಹುದು. ತಂತ್ರಾಂಶದ ನಿಗದಿತ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲದಿದ್ದರೆ ಸಾಧನದಲ್ಲಿರುವ ಕನ್ನಡ ಫಾಂಟ್ ತಾನಾಗಿ ಬಳಕೆಯಾಗುತ್ತದೆ. ಇದರಿಂದ ಒಂದೇ ಕ್ಯಾನ್ವಾಸ್ ಬೇರೆ ಬೇರೆ ಸಾಧನಗಳಲ್ಲಿ ಬೇರೆ ಬೇರೆಯಾಗಿ ಕಾಣಬಹುದು, ಅಕ್ಷರಗಳ ಅಗಲ ಬದಲಾಗಿ ಚೀಟಿಯ ಅಂಚನ್ನು ಮೀರಬಹುದು. ಸಾಲುಗಳ ಅಂತರವನ್ನು ಲ್ಯಾಟಿನ್ ಲಿಪಿಗೆ ಹೊಂದಿಸಿರುವಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದೂ ಉಂಟು.

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಸಂಕೇತ ವ್ಯವಸ್ಥೆಯಲ್ಲಿರುವ ಬರಹವನ್ನು ಕ್ಯಾನ್ವಾಸಿಗೆ ನಕಲಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಮೂಡುತ್ತವೆ. ಅಂತಹ ಬರಹವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. 'ರಾಜ್‌ಕುಮಾರ್' ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಅಗೋಚರ ಸಂಕೇತವು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕಾಟದಲ್ಲಿ ಚೀಟಿ ಸಿಗದೆ ಹೋಗಬಹುದು. ಪಿಡಿಎಫ್ ಆಗಿ ಉಳಿಸಿದ ಕನ್ನಡ ಬರಹವನ್ನು ಮರಳಿ ನಕಲಿಸುವಾಗ ಸ್ವರಚಿಹ್ನೆ ಮತ್ತು ಒತ್ತಕ್ಷರಗಳ ಕ್ರಮ ತಪ್ಪುವುದು ಸಾಮಾನ್ಯ. ಹೀಗಾಗಿ ಕನ್ನಡದ ಟಿಪ್ಪಣಿಗಳಿಗೆ ಪಿಡಿಎಫ್ ಪ್ರತಿಯೊಂದೇ ಸಾಲದು. ಮೂಲ ಬರಹವನ್ನು ಪಠ್ಯ ಕಡತವಾಗಿಯೂ ಇಟ್ಟುಕೊಳ್ಳುವುದು ಹೆಚ್ಚು ಸುರಕ್ಷಿತ.

## ಇವನ್ನೂ ನೋಡಿ

- ಮನೋನಕ್ಷೆ
- ಪರಿಕಲ್ಪನಾ ನಕ್ಷೆ
- ಹೈಪರ್‌ಟೆಕ್ಸ್ಟ್
- ಮಾನವ-ಗಣಕ ಸಂವಹನ
- ಮುಕ್ತ ಕಡತ ಸ್ವರೂಪ
- ಯೂನಿಕೋಡ್